ದರ್ಜಿ ಮನೆಯ ಡೊನಾಲ್ಡ್

1851ರ ಜನಗಣತಿಯಲ್ಲಿ ನಮ್ಮೂರು ಬ್ರೆಟಾವಿಗ್‌ನಲ್ಲಿ ಇಬ್ಬರು ಡೊನಾಲ್ಡ್ ಮರ್ರಿ ಇದ್ದಾರೆ. ಇಬ್ಬರಿಗೂ ಇಪ್ಪತ್ತೆಂಟರ ಆಸುಪಾಸು. ಇಬ್ಬರ ಅಪ್ಪಂದಿರ ಹೆಸರೂ ಜಾನ್, ಇಬ್ಬರ ಹೆಂಡಿರ ಹೆಸರೂ ಮೇರಿ. ಇಬ್ಬರಿಗೂ ಆಗಷ್ಟೇ ಮದುವೆಯಾಗಿತ್ತು, ಮಕ್ಕಳಿರಲಿಲ್ಲ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಲೂಯಿಸ್ ದ್ವೀಪದಲ್ಲಿ ಹುಟ್ಟಿದವರಿಗೆ ಏನೂ ಅನಿಸುವುದಿಲ್ಲ. ನಾನು ಶಾಲೆಗೆ ಹೋಗುವಾಗ ಒಂದೇ ತರಗತಿಯಲ್ಲಿ ನಾಲ್ವರು ಡೋಲಿನಾಗಳಿದ್ದೆವು. ಡೊನಾಲ್ಡ್ ಎಂಬ ಅಜ್ಜನಿದ್ದು, ಹುಟ್ಟಿದ್ದು ಹೆಣ್ಣಾದರೆ ಡೋಲಿನಾ, ಅಷ್ಟೇ ಲೆಕ್ಕ. ನಮ್ಮಲ್ಲಿ ಮನುಷ್ಯರನ್ನು ಗುರುತಿಸುವುದು ಮನೆತನದ ಅಡ್ಡಹೆಸರಿನಿಂದ. ಆ ಡೊನಾಲ್ಡ್‌ಗಳಲ್ಲಿ ಒಬ್ಬ ದರ್ಜಿ ಮನೆಯವನು, ಇನ್ನೊಬ್ಬ ಸಿಪಾಯಿ ಮನೆಯವನು.

ಹತ್ತು ವರ್ಷ ಕಳೆದು ಮುಂದಿನ ಜನಗಣತಿ ಬರುವ ಹೊತ್ತಿಗೆ ಇಬ್ಬರೂ ಊರಲ್ಲಿಲ್ಲ. ಒಬ್ಬ, ದ್ವೀಪದ ಜಮೀನುದಾರ ಧಣಿ ಜನರನ್ನು ಸಾಗಿಸಲು ಗೊತ್ತುಮಾಡಿದ ಹಡಗು ಹತ್ತಿ, ಕೆನಡಾಕ್ಕೆ ಹೋಗಿದ್ದ. ಇನ್ನೊಬ್ಬ ಸಮುದ್ರದ ಪಾಲಾಗಿದ್ದ. ಆ ಕಾಲಕ್ಕೆ ಸರ್ಕಾರ ಸಾವುಗಳನ್ನು ಬರೆದಿಡಲು ಶುರುಮಾಡಿರಲಿಲ್ಲ. ಹಾಗಾಗಿ ಹೋದವನು ಯಾರು, ಮುಳುಗಿದವನು ಯಾರು ಎಂದು ಯಾವ ಕಾಗದವೂ ಹೇಳುತ್ತಿರಲಿಲ್ಲ. ಅದನ್ನು ತೀರ್ಮಾನ ಮಾಡಿದವಳು ನಾನು. ತಪ್ಪು ತೀರ್ಮಾನ ಮಾಡಿದೆ. ಅದರಿಂದ ಏನಾಯಿತು ಎಂಬುದನ್ನು ಹೇಳುತ್ತೇನೆ.

ನಾನು ಡೋಲಿನಾ ಮಕಾಲೆ. ಮೂವತ್ತು ವರ್ಷ ಊರಿನ ಶಾಲೆಯ ಕಚೇರಿಯಲ್ಲಿ ಕೆಲಸ ಮಾಡಿದೆ. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದಾಗ ನಾವು ಕೆಲವರು ಸೇರಿ ಅದರ ಒಂದು ಕೋಣೆಯಲ್ಲಿ ಊರಿನ ಚರಿತ್ರೆಯ ಸಂಘ ಶುರುಮಾಡಿದೆವು. ಹಳೆಯ ಫೋಟೋಗಳು, ಜನಗಣತಿಯ ಫಿಲ್ಮ್ ಸುರುಳಿಗಳು, ಅವನ್ನು ನೋಡುವ ಒಂದು ಯಂತ್ರ, ಮನೆಮನೆಯ ವಂಶಾವಳಿಯ ಕಡತಗಳು. ಬೇಸಿಗೆಯಲ್ಲಿ ಕೆನಡಾ, ಆಸ್ಟ್ರೇಲಿಯಾ ಕಡೆಯಿಂದ ಜನ ಬಂದು ತಮ್ಮವರ ಮನೆ ಎಲ್ಲಿತ್ತೆಂದು ಕೇಳುತ್ತಾರೆ. ಹೆಚ್ಚಿನವರಿಗೆ ತೋರಿಸಲು ಇರುವುದು ಗಿಡ ಬೆಳೆದ ಒಂದು ಕಲ್ಲುಗುಡ್ಡೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ವೆಂಡೆಲ್ ಮರ್ರಿಯ ಕಾಗದ ಬಂದದ್ದು 1984ರಲ್ಲಿ, ಕ್ವಿಬೆಕ್ ಪ್ರಾಂತ್ಯದಿಂದ. ವಿದ್ಯುತ್ ಕಂಬ ಹತ್ತಿ ತಂತಿ ಸರಿಮಾಡುವ ಕೆಲಸ ಮಾಡುತ್ತಿದ್ದವನು, ಆಗ ಐವತ್ಮೂರು ವರ್ಷದ ವಿಧುರ. ಅವನ ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ‘ಡೊನಾಲ್ಡ್ ಮರ್ರಿ, ಹೆಂಡತಿ ಮೇರಿ, ಬ್ರೆಟಾವಿಗ್‌ನಿಂದ, 1851’ ಎಂದಿತ್ತು. ಅದರ ಕೆಳಗೆ ಮೊದಲ ಮಗ ಜಾನ್ ಹುಟ್ಟಿದ ತಾರೀಖು, ಮುಂದಿನ ವರ್ಷದ್ದು. ಈ ಡೊನಾಲ್ಡ್ ಯಾರ ಮನೆಯವನು ಎಂದು ಅವನು ಕೇಳಿದ್ದ.

ನಾನು ಮೊದಲು ದರ್ಜಿ ಮನೆಗೆ ಹೋದೆ. ಅಲ್ಲಿ ಇದ್ದದ್ದು ಅಣ್ಣ ತಂಗಿ, ಮುರ್ಡೋ ಮತ್ತು ಹ್ಯೂಗೀನಾ. ಇಬ್ಬರೂ ಮದುವೆಯಾಗಿರಲಿಲ್ಲ. ಮುರ್ಡೋ ಕುರಿ ನೋಡಿಕೊಂಡು, ಮಗ್ಗದಲ್ಲಿ ಟ್ವೀಡ್ ಉಣ್ಣೆಬಟ್ಟೆ ನೇಯುತ್ತಿದ್ದ. ಕೇಳಿದ್ದೇ ತಡ, ಅಜ್ಜನ ಚಿಕ್ಕಪ್ಪ ಡೊನಾಲ್ಡ್ ಕೆನಡಾಕ್ಕೆ ಹೋದನೆಂದೂ, ಕಾಗದ ಬರೆಯಲಿಲ್ಲವೆಂದೂ, ಆದರೆ ಅವನ ಕಡೆಯವರು ಒಂದಲ್ಲ ಒಂದು ದಿನ ಬರುತ್ತಾರೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರೆಂದೂ ಅವನು ಹೇಳಿದ. ನಂತರ ಸಿಪಾಯಿ ಮನೆಗೆ ಹೋದೆ. ಅದು ದರ್ಜಿ ಮನೆಯ ಪಕ್ಕದ ಹಿಡುವಳಿ. ಅಲ್ಲಿಯ ಯಜಮಾನ ಕ್ಯಾಲಮ್ ಟ್ರ್ಯಾಕ್ಟರಿನ ಅಡಿಯಿಂದ ತಲೆ ಹೊರಗೆ ಹಾಕದೆಯೇ, ತಮ್ಮ ಮನೆಯಿಂದ ಯಾರೂ ಎಲ್ಲಿಗೂ ಹೋಗಿಲ್ಲ, ಊರು ಬಿಟ್ಟು ಹೋಗುವವರೆಲ್ಲ ಸೋಮಾರಿಗಳು ಎಂದ. ನಾನು ಸಿಪಾಯಿ ಮನೆಯ ಡೊನಾಲ್ಡನ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ‘ಮುಳುಗಿದ’ ಎಂದು ಬರೆದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಆಮೇಲೆ ಟೈಪ್ ಮಾಡುವಾಗ ಆ ಚಿಹ್ನೆ ಬಿಟ್ಟುಹೋಯಿತು. ಬಿಟ್ಟುಹೋಯಿತು ಎನ್ನುವುದು ಪೂರ್ತಿ ನಿಜವಲ್ಲ. ಅದು ಇಲ್ಲದಿದ್ದರೆ ಹಾಳೆ ಚೊಕ್ಕಟವಾಗಿ ಕಾಣುತ್ತಿತ್ತು.

ಮರುವರ್ಷ ಜೂನ್‌ನಲ್ಲಿ ವೆಂಡೆಲ್ ಬಂದ. ಬಂದವರಲ್ಲಿ ನಮ್ಮ ದ್ವೀಪದ ಭಾಷೆ ಗೇಲಿಕ್ ಮಾತಾಡುವವನು ಅವನೊಬ್ಬನೇ. ಅಲ್ಲಿಯ ಅಜ್ಜಿಯಿಂದ ಕಲಿತ ಗೇಲಿಕ್. ನಾವು ಬಿಟ್ಟು ಎಷ್ಟೋ ಕಾಲವಾದ ಶಬ್ದಗಳು ಅದರಲ್ಲಿದ್ದವು. ಮುರ್ಡೋ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಟೋಪಿ ತೆಗೆಸಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

“ಹ್ಯೂಗೀನಾ, ಬಾ ಇಲ್ಲಿ. ಕಿವಿ ನೋಡು ಇವನದು. ನಮ್ಮಪ್ಪನ ಕಿವಿ ಕಿತ್ತು ಅಂಟಿಸಿದ ಹಾಗಿದೆ.”

ಅಲ್ಲಿಂದ ಹನ್ನೊಂದು ಬೇಸಿಗೆ ಅವನು ತಪ್ಪದೆ ಬಂದ. ಬಂದರೆ ಆರು ವಾರ ಇರುತ್ತಿದ್ದ. ಕೊಟ್ಟಿಗೆಯ ಮಾಡು ಹೊಸದು ಮಾಡಿದ, ಬೆಟ್ಟದಲ್ಲಿ ಒಲೆಗೆ ಬೇಕಾದ ಪೀಟ್ ಮಣ್ಣಿನ ಹೆಂಟೆ ಕತ್ತರಿಸಿ ಒಣಗಿಸಿದ, ಕ್ಯಾಲಮ್‌ನ ಕುರಿಗಳು ನುಗ್ಗದ ಹಾಗೆ ಎರಡು ಹಿಡುವಳಿಗಳ ನಡುವೆ ಉದ್ದಕ್ಕೂ ಬೇಲಿ ಹಾಕಿದ. ಬೇಲಿ ತನ್ನ ಕಡೆಗೆ ಅರ್ಧ ಗಜ ಬಂದಿದೆ ಎಂದು ಕ್ಯಾಲಮ್ ಅವತ್ತಿನಿಂದಲೂ ಹೇಳುತ್ತ ಬಂದಿದ್ದಾನೆ. ವೆಂಡೆಲ್ ಮುರ್ಡೋನನ್ನು ಅಣ್ಣ ಎನ್ನುತ್ತಿದ್ದ, ಹ್ಯೂಗೀನಾಳನ್ನು ಅಕ್ಕ ಎನ್ನುತ್ತಿದ್ದ. ಚರ್ಚಿನಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು.

1996ರ ಏಪ್ರಿಲ್‌ನಲ್ಲಿ ಎರಡು ಸಂಗತಿ ನಡೆದವು. ಹಿಡುವಳಿಯ ಗೇಣಿ ಹಕ್ಕನ್ನು ವೆಂಡೆಲ್ ಹೆಸರಿಗೆ ಮಾಡಲು ಮುರ್ಡೋ ಅರ್ಜಿಯ ಕಾಗದ ತರಿಸಿ ಮನೆಯ ಗಡಿಯಾರದ ಹಿಂದಿಟ್ಟ. ಇನ್ನು ಮೇಲೆ ವೆಂಡೆಲ್ ಇಲ್ಲೇ ಬಂದು ಇರುತ್ತಾನೆಂದು ಚರ್ಚಿನ ಹೊರಗೆ ಎಲ್ಲರಿಗೂ ಹೇಳಿಕೊಂಡ. ಅದೇ ವಾರ, ತೀರಿಕೊಂಡ ಚರ್ಚ್ ಹಿರಿಯರೊಬ್ಬರ ಮನೆ ಖಾಲಿ ಮಾಡುತ್ತಿದ್ದ ಅವರ ಸೊಸೆ ಒಂದು ರೊಟ್ಟಿಡಬ್ಬಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಒಳಗೆ ಧರ್ಮಪ್ರವಚನದ ಪುಸ್ತಕಗಳು. ಅವುಗಳ ಕೆಳಗೆ ಚರ್ಮದ ರಟ್ಟಿನ ಒಂದು ಪುಸ್ತಕ. ಚರ್ಚಿನ ಹಿರಿಯರ ಸಭೆಯ ನಡಾವಳಿ, 1846ರಿಂದ 1858ರವರೆಗೆ. ಅದು ಇದೆ ಎಂದೇ ನಮಗೆ ಗೊತ್ತಿರಲಿಲ್ಲ.

ಮೊದಲ ದಿನ ಸುಮ್ಮನೆ ಓದಿದೆ. ಕೆಲಸ ಮಾಡಬಾರದ ಭಾನುವಾರ ಯಾರು ನೀರು ಹೊತ್ತರು, ಯಾರು ಮದುವೆಯಲ್ಲಿ ಕುಡಿದು ಬಿದ್ದರು, ಅಂಥವೇ. ಎರಡನೆಯ ದಿನ 1851ಕ್ಕೆ ಬಂದೆ. ಮೇ ತಿಂಗಳಲ್ಲಿ ಕೆನಡಾಕ್ಕೆ ಹೊರಟವರಿಗೆ ಚರ್ಚಿನಿಂದ ಯೋಗ್ಯತಾಪತ್ರ ಕೊಟ್ಟ ಪಟ್ಟಿ ಇತ್ತು. ಏಳನೆಯ ಹೆಸರು: ಡೊನಾಲ್ಡ್ ಮರ್ರಿ, ಸಿಪಾಯಿ ಜಾನ್‌ನ ಮಗ, ಬ್ರೆಟಾವಿಗ್, ಮತ್ತು ಅವನ ಹೆಂಡತಿ ಮೇರಿ.

ಹಾಳೆ ತಿರುಗಿಸಿದೆ. ಆಗಸ್ಟ್ ತಿಂಗಳ ಸಭೆ. ದರ್ಜಿ ಜಾನ್‌ನ ಮಗ, ಹೋದ ವಸಂತದಲ್ಲಿ ದೋಣಿ ಸಮೇತ ಮುಳುಗಿದ ಡೊನಾಲ್ಡ್ ಮರ್ರಿಯ ವಿಧವೆ ಮೇರಿ ಮೆಕೈವರ್ ತನ್ನ ಮಗುವಿಗೆ ದೀಕ್ಷಾಸ್ನಾನ ಮಾಡಿಸಬೇಕೆಂದು ಕೇಳಿಕೊಂಡಳು. ದೋಣಿಯಲ್ಲಿದ್ದ ನಾಲ್ವರಲ್ಲಿ ಯಾರ ಹೆಣವೂ ಸಿಕ್ಕಿಲ್ಲವಾದ್ದರಿಂದ, ಗಂಡ ಸತ್ತಿಲ್ಲ, ಹಡಗು ಹತ್ತಿ ಕೆನಡಾಕ್ಕೆ ಹೋಗಿದ್ದಾನೆ ಎಂದು ಅತ್ತೆ ವಾದಿಸುತ್ತಾಳೆಂದೂ, ಹಿರಿಯರು ವಿಚಾರಿಸಿ ವಿಧವೆಯ ಮಾತನ್ನೇ ಒಪ್ಪಿದರೆಂದೂ ಪಾದ್ರಿ ಬರೆದಿದ್ದರು. ಮಗುವಿಗೆ ಇಟ್ಟ ಹೆಸರು ಡೋಲಿನಾ.

ನಾನು ಪುಸ್ತಕ ಮುಚ್ಚಿ ಮನೆಗೆ ಹೋಗಿ ಆಲೂಗಡ್ಡೆ ಬೇಯಿಸಿದೆ. ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದರೇನು ಎಂಬ ಯೋಚನೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ಪುಸ್ತಕವನ್ನು ಮತ್ತೆ ಡಬ್ಬಿಗೆ ಹಾಕಿಬಿಟ್ಟರೆ ನನ್ನ ಕಾಲ ಮುಗಿಯುವವರೆಗೂ ಯಾರೂ ತೆರೆಯುತ್ತಿರಲಿಲ್ಲ. ಆದರೆ ಅರ್ಜಿಗೆ ಸಹಿ ಬೀಳುವುದಿತ್ತು. ಆಮೇಲೆ ಗೊತ್ತಾದರೆ ಅದು ಇನ್ನೂ ಕೆಟ್ಟದ್ದು. ಮೂರು ವಾರ ಹೀಗೇ ಒದ್ದಾಡಿದೆ.

ವೆಂಡೆಲ್ ಮೇ ಕೊನೆಯಲ್ಲಿ ಬಂದ. ಬಂದ ಎರಡನೆಯ ದಿನವೇ ಅವನನ್ನು ಶಾಲೆಯ ಕೋಣೆಗೆ ಕರೆಸಿ, ಪುಸ್ತಕ ಮುಂದಿಟ್ಟು, ಎರಡು ಕಡೆ ಕಾಗದದ ಚೂರು ಇಟ್ಟಿದ್ದೇನೆ, ಓದು ಎಂದೆ. ಓದಿದ. ಮೊದಲಿನದನ್ನು ಮತ್ತೆ ಓದಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡ.

“ಅಂದ್ರೆ ನಾನು ಕ್ಯಾಲಮ್ ಕಡೆಯವನು” ಎಂದ.

“ಹೌದು.”

“ಆ ಕ್ಯಾಲಮ್.”

“ಇರೋನು ಒಬ್ಬನೇ ಕ್ಯಾಲಮ್ ಅಲ್ವಾ.”

ಅವನು ನಗುತ್ತಾನೆ ಎಂದುಕೊಂಡೆ, ನಗಲಿಲ್ಲ. ಈ ಸಲ ವಾಪಸು ಟಿಕೆಟ್ ಮಾಡಿಸಿಲ್ಲ, ಅಲ್ಲಿಯ ಮನೆಯನ್ನು ದೊಡ್ಡ ಮಗಳಿಗೆ ಬಿಟ್ಟುಕೊಟ್ಟು ಬಂದಿದ್ದೇನೆ ಎಂದು, ಯಾರದೋ ವಿಷಯ ಹೇಳುವ ಹಾಗೆ ಹೇಳಿದ. ತಪ್ಪು ನನ್ನದು ಎಂದು ನಾನು ಪ್ರಶ್ನಾರ್ಥಕ ಚಿಹ್ನೆಯ ಕಥೆ ಹೇಳಿದೆ. ಅವನು ಅದಕ್ಕೆ ಕಿವಿಗೊಟ್ಟ ಹಾಗೆ ಕಾಣಲಿಲ್ಲ. ಮನೆಯವರಿಗೆ ತಾನೇ ಹೇಳುತ್ತೇನೆ ಎಂದ. ಇಲ್ಲ, ಬರೆದವಳು ನಾನು, ನಾನೂ ಬರುತ್ತೇನೆ ಎಂದೆ. ಇಬ್ಬರೂ ನಡೆದೇ ಹೋದೆವು. ಪುಸ್ತಕ ನನ್ನ ಕೈಚೀಲದಲ್ಲಿತ್ತು.

ಮುರ್ಡೋ ಊಟ ಮುಗಿಸಿ ಒಲೆಯ ಪಕ್ಕ ಕೂತಿದ್ದ. ಹ್ಯೂಗೀನಾ ಪಾತ್ರೆ ತೊಳೆಯುತ್ತಿದ್ದಳು. ನಾನು ಪೀಠಿಕೆ ಹಾಕದೆ ಎರಡೂ ಬರಹವನ್ನು ಓದಿದೆ. ಮುರ್ಡೋ ಇನ್ನೊಂದು ಸಲ ಓದು ಎಂದ. ಓದಿದೆ.

“ಆ ಪಾದ್ರಿಗೇನು ಗೊತ್ತು? ಅವನು ಈ ಊರವನೇ ಅಲ್ಲ.”

“ಹಿರಿಯರು ವಿಚಾರಿಸಿ ಬರೆಸಿದ್ದಾರೆ ಮುರ್ಡೋ. ಐದು ಜನರ ಹೆಸರಿದೆ. ಅದರಲ್ಲಿ ನಿಮ್ಮ ದರ್ಜಿ ಜಾನ್‌ದೂ ಇದೆ. ಹುಡುಗನ ಅಪ್ಪನೇ ಒಪ್ಪಿದ್ದಾನೆ.”

ಮುರ್ಡೋ ಒಲೆಗೆ ಒಂದು ಹೆಂಟೆ ಹಾಕಿ ನನ್ನ ಕಡೆ ತಿರುಗಿದ.

“ಹನ್ನೊಂದು ವರ್ಷದ ಕೆಳಗೆ ನೀನೇ ತಂದು ನಮ್ಮನೆಗೆ ಬಿಟ್ಟೆ. ಈಗ ನೀನೇ ಬಂದು ವಾಪಸ್ ಕೊಡು ಅಂತೀಯ. ಏನು ಅಂದ್ಕೊಂಡಿದೀಯ ಡೋಲಿನಾ, ಇದೇನು ಲೈಬ್ರರಿ ಅಂತಾನಾ?”

“ಅಣ್ಣ, ಅವರದೇನೂ ತಪ್ಪಿಲ್ಲ” ಎಂದು ವೆಂಡೆಲ್ ನಡುವೆ ಬಂದ.

ಮುರ್ಡೋ ಅವನ ಮುಖ ನೋಡದೆ, “ನೀವು ಕೂತ್ಕೊಳ್ಳಿ. ನಿಂತು ಯಾಕೆ ಮಾತಾಡ್ತೀರಿ” ಎಂದ.

ಹ್ಯೂಗೀನಾ ಕೈ ಒರೆಸುತ್ತಿದ್ದವಳು ಹಾಗೇ ನಿಂತಳು. ಹನ್ನೊಂದು ವರ್ಷದಲ್ಲಿ ಮುರ್ಡೋ ಅವನನ್ನು ‘ನೀನು’, ‘ತಮ್ಮಾ’ ಎನ್ನುವುದು ಬಿಟ್ಟು ಬೇರೆ ಕರೆದದ್ದಿಲ್ಲ. ನಮ್ಮ ಕಡೆ ‘ನೀವು’ ಎನ್ನುವುದು ಪಾದ್ರಿಗೆ, ಡಾಕ್ಟರಿಗೆ, ಕುರಿ ಲೆಕ್ಕಕ್ಕೆ ಬರುವ ಅಧಿಕಾರಿಗೆ. ವೆಂಡೆಲ್ ಕೂತುಕೊಂಡ.

ಹ್ಯೂಗೀನಾ ಆಗ ಒಂದು ಮಾತು ಹೇಳಿದಳು. ಅಜ್ಜನ ಅಜ್ಜಿ, ಅಂದರೆ ಮುಳುಗಿದ ಡೊನಾಲ್ಡನ ತಾಯಿ, ಕೊನೆಗಾಲದವರೆಗೂ ಮನೆಯಲ್ಲಿ ಆ ದೋಣಿಯ ಹೆಸರೆತ್ತಲು ಬಿಡುತ್ತಿರಲಿಲ್ಲವೆಂದು ಅಜ್ಜ ಹೇಳಿದ್ದನ್ನು ತಾನು ಕೇಳಿದ್ದಾಗಿ. ಯಾಕೆಂದು ಅಜ್ಜನಿಗೂ ಗೊತ್ತಿರಲಿಲ್ಲವಂತೆ. “ಈಗ ಗೊತ್ತಾಯ್ತು ನೋಡು” ಎಂದಳು. ಆಮೇಲೆ ನನ್ನನ್ನು ಕೇಳಿದಳು, “ಆ ಹುಡುಗಿ ಏನಾದ್ಲು? ಮೇರಿ? ಮಗು ಎತ್ಕೊಂಡು ಅಷ್ಟು ಜನ ಗಂಡಸರ ಮುಂದೆ ಹೋಗಿ ನನ್ನ ಗಂಡ ಸತ್ತಿದಾನೆ ಅಂತ ಹೇಳಬೇಕಾಯ್ತಲ್ಲ ಅವಳು.”

ನನಗೆ ಗೊತ್ತಿಲ್ಲ, ಹುಡುಕುತ್ತೇನೆ ಎಂದೆ. “ಹುಡುಕು. ಆದ್ರೆ ಯಾರನ್ನೂ ಕರ್ಕೊಂಡು ಬರಬೇಡ” ಎಂದು ಮುರ್ಡೋ ಎದ್ದು ಹೊರಗೆ ಹೋದ.

ಗಡಿಯಾರದ ಹಿಂದಿದ್ದ ಅರ್ಜಿಗೆ ಆ ಬೇಸಿಗೆ ಸಹಿ ಬೀಳಲಿಲ್ಲ.

ಸುದ್ದಿ ಕ್ಯಾಲಮ್‌ಗೆ ತಲುಪಲು ಎರಡು ದಿನ ಬೇಕಾಯಿತು, ನಮ್ಮೂರಿಗೆ ಅದು ಹೆಚ್ಚೇ. ಸೋಮವಾರ ಬೆಳಿಗ್ಗೆ ಅವನು ಟ್ರ್ಯಾಕ್ಟರ್ ತೆಗೆದುಕೊಂಡು ಬಂದು ದರ್ಜಿ ಮನೆಯ ಗೇಟಿನ ಹೊರಗೆ ನಿಲ್ಲಿಸಿ ಹಾರ್ನ್ ಹೊಡೆದ. ಮೂವತ್ತು ವರ್ಷದಲ್ಲಿ ಆ ಗೇಟಿನ ತನಕ ಅವನು ಬಂದದ್ದು ಅದೇ ಮೊದಲು. ಹಾಲು ತರಲು ಹೋಗಿದ್ದ ನಾನು ಅಲ್ಲೇ ಇದ್ದೆ.

“ನಮ್ಮ ಮನೆ ಹುಡುಗ ಇಲ್ಲಿದಾನಂತೆ. ಕರ್ಕೊಂಡು ಹೋಗೋಕೆ ಬಂದೆ” ಎಂದ.

‘ಹುಡುಗ’ನಿಗೆ ಅರವತ್ತೈದು, ಕ್ಯಾಲಮ್‌ಗಿಂತ ನಾಲ್ಕು ವರ್ಷ ದೊಡ್ಡವನು. ಮುರ್ಡೋ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದ. ಹ್ಯೂಗೀನಾ ಹಾಸಿಗೆ ಹಾಸಿದೆ, ಯಾರೂ ಎಲ್ಲಿಗೂ ಹೋಗುವುದು ಬೇಡ ಎಂದಳು. ವೆಂಡೆಲ್ ಮುರ್ಡೋನ ಕಡೆ ಸ್ವಲ್ಪ ಹೊತ್ತು ನೋಡಿ ಒಳಗೆ ಹೋಗಿ ಚೀಲ ತಂದ.

ಎರಡೂವರೆ ತಿಂಗಳು ಕ್ಯಾಲಮ್‌ನ ಹಿತ್ತಲಿನ ಕ್ಯಾರವಾನಿನಲ್ಲಿದ್ದ. ಕ್ಯಾಲಮ್‌ನ ಹೆಂಡತಿ ಚೆನ್ನಾಗಿಯೇ ನೋಡಿಕೊಂಡಳು. ಉಪ್ಪುಮೀನು, ಆಲೂಗಡ್ಡೆ, ಕುರಿಮಾಂಸದ ಸಾರು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕಷ್ಟವಾದದ್ದು ಕ್ಯಾಲಮ್‌ನ ಮಾತು. ದಿನವೂ ಊಟಕ್ಕೆ ಕೂತಾಗ ದರ್ಜಿ ಮನೆಯವರು ಸಿಪಾಯಿ ಮನೆಯವರಿಗೆ ಮಾಡಿದ ಅನ್ಯಾಯಗಳನ್ನು ಅಜ್ಜನ ಕಾಲದಿಂದ ಶುರುಮಾಡಿ ಹೇಳುತ್ತಿದ್ದನಂತೆ. ಬೇಲಿಯ ವಿಷಯಕ್ಕೆ ಬಂದಾಗ, “ಯಾರೋ ಹಾಕಿದ್ರು ಅಂತ ಇಷ್ಟು ದಿನ ಬೈತಿದ್ದೆ. ಈಗ ನೋಡಿದ್ರೆ ನಮ್ಮವನೇ ನಮ್ಮ ನೆಲ ಒತ್ತಿ ಕೊಟ್ಟಿದಾನೆ” ಎಂದು ತಲೆ ಚಚ್ಚಿಕೊಂಡನಂತೆ. ಇದನ್ನು ವೆಂಡೆಲ್ ನನಗೆ ಹೇಳಿದ್ದು ಶಾಲೆಯ ಕೋಣೆಯಲ್ಲಿ ಚಹಾ ಕುಡಿಯುತ್ತ. ಆಗ ನಕ್ಕ. ಆದರೆ ದಿನಾ ಸಂಜೆ ಬೇಲಿಯ ಪಕ್ಕದಲ್ಲೇ ನಡೆದು ಸಮುದ್ರದ ತನಕ ಹೋಗುತ್ತಿದ್ದ, ಮುರ್ಡೋ ಕುರಿ ಎಣಿಸುವ ಹೊತ್ತಿಗೆ ಸರಿಯಾಗಿ. ಮುರ್ಡೋ ‘ನಮಸ್ಕಾರ ಮಿಸ್ಟರ್ ಮರ್ರಿ’ ಎಂದು ಟೋಪಿ ಮುಟ್ಟಿ ಕುರಿ ಎಣಿಸುವುದನ್ನು ಮುಂದುವರಿಸುತ್ತಿದ್ದ.

ಇದರ ನಡುವೆ ಕ್ಯಾಲಮ್ ಒಂದು ಹೊಸ ವರಸೆ ತೆಗೆದ. ಕೆನಡಾದವನಿಗೆ ನಮ್ಮೂರ ನೆಲ ಹೋಗಬಾರದು ಎಂದು ಏಪ್ರಿಲ್‌ವರೆಗೂ ಎಲ್ಲರ ಹತ್ತಿರ ಹೇಳುತ್ತಿದ್ದವನು, ಈಗ ಅಂಚೆಕಚೇರಿಯಲ್ಲಿ ಮುರ್ಡೋನನ್ನು ತಡೆದು ನಿಲ್ಲಿಸಿ, ಕೊಟ್ಟ ಮಾತು ಮಾತೇ, ಊರಿಗೆಲ್ಲ ಹೇಳಿದ ಮೇಲೆ ಹಿಂದೆ ಸರಿಯಬಾರದು, ವೆಂಡೆಲ್ ಹೆಸರಿಗೆ ಸಹಿ ಹಾಕು ಎಂದ. ನಾನೂ ಸಾಲಿನಲ್ಲಿ ನಿಂತಿದ್ದೆ. ಮುರ್ಡೋ ಸ್ಟಾಂಪು ನೆಕ್ಕಿ ಲಕೋಟೆಗೆ ಅಂಟಿಸಿ, ಗುದ್ದಿ, ಆಮೇಲೆ ಹೇಳಿದ: “ಸಿಪಾಯಿ ಸಂತಾನಕ್ಕೆ ನನ್ನ ಹೊಲ? ಅದಕ್ಕಿಂತ ಕುರಿಗಳ ಹೆಸರಿಗೆ ಬರೀತೀನಿ.”

ವೆಂಡೆಲ್ ಸಿಪಾಯಿ ಮನೆಯವನಾದದ್ದು ಮುರ್ಡೋಗೆ ಬಿದ್ದ ಎರಡನೆಯ ಪೆಟ್ಟು ಎಂದು ನನಗೆ ಆಗ ಹೊಳೆಯಿತು. ತನ್ನವನಲ್ಲ ಎಂಬುದಾದರೂ ಹೇಗೋ ಸಹಿಸಬಹುದಿತ್ತು. ಅವನು ಬೇಲಿಯ ಆಚೆಯವನಾಗಿದ್ದನಲ್ಲ. ವೆಂಡೆಲ್‌ಗೆ ಹೊಲ ಬೇಕಿತ್ತೇ ಎಂದು ನಾನೊಮ್ಮೆ ಕೇಳಿದೆ. ಅಲ್ಲಿ ತನಗೆ ಇದರ ಇಪ್ಪತ್ತು ಪಟ್ಟು ಮೇಪಲ್ ಕಾಡಿದೆ, ನೆಲವೇನೂ ಬೇಕಿರಲಿಲ್ಲ ಎಂದ. ಹಾಗಾದರೆ ಏನು ಬೇಕಿತ್ತು ಎಂದದ್ದಕ್ಕೆ ಸ್ವಲ್ಪ ಯೋಚಿಸಿ, “ಬೆಳಿಗ್ಗೆ ಎದ್ದು ಗೇಲಿಕ್ ಮಾತಾಡೋಕೆ ಒಬ್ಬರು” ಎಂದ. ಆಗಸ್ಟ್‌ನಲ್ಲಿ ಟಿಕೆಟ್ ಮಾಡಿಸಿಕೊಂಡು ಹೊರಟುಹೋದ. ಹ್ಯೂಗೀನಾ ಬಸ್ಸಿನ ತನಕ ಬಂದು ಅವನಿಗೆ ಎರಡು ಜೊತೆ ಕಾಲುಚೀಲ ಕೊಟ್ಟಳು. ಮುರ್ಡೋ ಬರಲಿಲ್ಲ.

ಆ ಚಳಿಗಾಲ ಮುರ್ಡೋ ನನ್ನ ಜೊತೆಯೂ ಮಾತು ಬಿಟ್ಟ. ಚರ್ಚಿನಲ್ಲಿ ಎದುರಾದರೆ ಹವೆಯ ವಿಷಯ ಎರಡು ಮಾತು, ಅಷ್ಟೇ. ನಾನು ಹ್ಯೂಗೀನಾಳಿಗೆ ಕೊಟ್ಟ ಮಾತಿನಂತೆ ಮೇರಿಯನ್ನು ಹುಡುಕಿದೆ. ನಮ್ಮ ದಾಖಲೆಗಳಲ್ಲಿ ಹೆಂಗಸರಿಗೆ ತವರಿನ ಹೆಸರು ಕೊನೆಯವರೆಗೂ ಉಳಿಯುತ್ತದೆ. ಅದಕ್ಕೇ ಅವಳು ಮೊದಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. 1861ರಲ್ಲಿ ಸಮುದ್ರದ ಖಾರಿಯ ಆಚೆ ದಡದಲ್ಲಿ ಅಪ್ಪನ ಮನೆಯಲ್ಲಿದ್ದಾಳೆ, ಮೇರಿ ಮೆಕೈವರ್, ವಿಧವೆ, ಜೊತೆಗೆ ಒಂಬತ್ತು ವರ್ಷದ ಮಗಳು ಡೋಲಿನಾ. ಅತ್ತೆಯ ಮನೆಯಲ್ಲಿ ಅವಳಿಗೆ ಇರಲು ಆಗಲಿಲ್ಲ ಎಂಬುದು ಸ್ಪಷ್ಟ. ಗಂಡ ಬದುಕಿದ್ದಾನೆ ಎನ್ನುವ ಮನೆಯಲ್ಲಿ ವಿಧವೆಗೆ ಎಲ್ಲಿ ಜಾಗ? 1871ರಲ್ಲಿ ಮೇರಿ ಒಬ್ಬಳೇ ಇದ್ದಾಳೆ. ಮಗಳು ಹೆರಿಂಗ್ ಮೀನು ಸೀಳುವ ಹುಡುಗಿಯರ ತಂಡದ ಜೊತೆ ವಿಕ್ ಪಟ್ಟಣಕ್ಕೆ ಹೋಗಿದ್ದಳು. ಅಲ್ಲಿ 1875ರಲ್ಲಿ ಪೀಪಾಯಿ ಮಾಡುವವನೊಬ್ಬನನ್ನು ಮದುವೆಯಾದ ದಾಖಲೆ ಇದೆ. ಅಲ್ಲಿಂದ ಮುಂದೆ ಸಿಗಲಿಲ್ಲ. ಮೀನಿನ ಹಿಂದೆ ಹೋದ ಜನ. ಇಂಗ್ಲೆಂಡಿನ ಯಾವ ಬಂದರಿಗೆ ಹೋದರೋ.

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಹ್ಯೂಗೀನಾಳಿಗೆ ಕೊಟ್ಟೆ. ಅವಳು ಅದನ್ನು ಓದಿ, ಹಾಗಾದರೆ ಹುಡುಗಿ ಹಸಿವಿನಿಂದ ಸಾಯಲಿಲ್ಲ, ಸದ್ಯ ಎಂದಳು. ಆಮೇಲೆ ಅವಳಿಗೆ ಒಂದು ಹಟ ಹತ್ತಿಕೊಂಡಿತು. ಸ್ಮಶಾನದಲ್ಲಿ ತಮ್ಮ ಮನೆಯವರ ಹಳೆಯ ಕಲ್ಲು ಗಾಳಿಗೆ ಸವೆದು ಓದಲು ಬಾರದಂತಾಗಿತ್ತು. ಹೊಸ ಕಲ್ಲು ಹಾಕಿಸಿ ಅದರಲ್ಲಿ ಡೊನಾಲ್ಡನ ಹೆಸರು ಸೇರಿಸಬೇಕು ಎಂದು. ಮುರ್ಡೋ ಒಪ್ಪಲಿಲ್ಲ. ಹೆಣವಿಲ್ಲದವನಿಗೆ ಕಲ್ಲೇಕೆ ಎಂದ. ನಮ್ಮ ದ್ವೀಪದ ಅರ್ಧ ಕಲ್ಲುಗಳಲ್ಲಿ ಇರುವುದು ಹೆಣ ಸಿಗದವರ ಹೆಸರೇ ಎಂದು ಅವಳು ಹೇಳಿದಳು. ನವೆಂಬರ್‌ನಿಂದ ಮಾರ್ಚ್‌ವರೆಗೆ ಆ ಮನೆಯಲ್ಲಿ ಇದೇ ಜಗಳ.

ಮಾರ್ಚ್ ಕೊನೆಯಲ್ಲಿ ಒಂದು ಮಧ್ಯಾಹ್ನ ಮುರ್ಡೋ ಶಾಲೆಯ ಕೋಣೆಗೆ ಬಂದ. ಸಂಘ ಶುರುವಾಗಿ ಹದಿನೈದು ವರ್ಷದಲ್ಲಿ ಅವನು ಒಳಗೆ ಕಾಲಿಟ್ಟಿರಲಿಲ್ಲ. ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಮೇಲೆತ್ತಿಕೊಂಡು ಕೂತು, ನಡಾವಳಿ ಪುಸ್ತಕದ ಆ ಹಾಳೆ ತೋರಿಸು ಎಂದ. ತೋರಿಸಿದೆ. ಬೆರಳಿಟ್ಟು ಸಾಲು ಸಾಲಾಗಿ ಓದಿದ. ದರ್ಜಿ ಜಾನ್‌ನ ಸಹಿ ಇದ್ದ ಕಡೆ ಬೆರಳು ನಿಂತಿತು. ಸಹಿ ಎಂದರೆ ಒಂದು ಗುಣಾಕಾರದ ಗುರುತು, ಪಕ್ಕದಲ್ಲಿ ಪಾದ್ರಿ ಬರೆದ ಹೆಸರು.

“ಮನೆಗೆ ಹೋಗಿ ಹೆಂಡತಿ ಮುಖ ಹೇಗೆ ನೋಡಿದ್ನೋ” ಎಂದ.

ಬೆರಳನ್ನು ಮತ್ತೆ ಮೇಲಿನ ಸಾಲಿಗೆ ಸರಿಸಿದ.

“ತಾರೀಖು ಯಾಕೆ ಬರೆದಿಲ್ಲ? ಹೋದ ವಸಂತ ಅಂದ್ರೆ ಯಾವ ದಿನ? ಕಲ್ಲು ಕೆತ್ತೋನು ಕೇಳ್ತಾನೆ.”

“ಮಾರ್ಚ್ ಕೊನೇಲಿ ಜನಗಣತಿ ಆದಾಗ ಇದ್ದ. ಮಗು ಆಗಸ್ಟಿನಲ್ಲಿ. ಏಪ್ರಿಲ್ ಅಂತ ನನ್ನ ಲೆಕ್ಕ. ಆದ್ರೆ ನನ್ನ ಲೆಕ್ಕ ನಂಬಿ ಕಲ್ಲಲ್ಲಿ ಕೆತ್ತಿಸಬೇಡ ಮುರ್ಡೋ.”

ಅವನು ಮೊದಲ ಸಲ ನನ್ನ ಮುಖ ನೋಡಿದ. “ಇಲ್ಲ, ಇನ್ನು ನಂಬಲ್ಲ” ಎಂದ. ಹೋಗುವಾಗ ಬಾಗಿಲಲ್ಲಿ ನಿಂತು, ಬೇಸಿಗೆಗೆ ಅವನು ಬರುತ್ತಾನಂತಾ ಎಂದು ಕೇಳಿದ. ಹ್ಯೂಗೀನಾಳಿಗೆ ತಿಂಗಳು ತಿಂಗಳೂ ಕಾಗದ ಬರುತ್ತದೆ, ಅವಳನ್ನೇ ಕೇಳು ಎಂದೆ. ಅವಳನ್ನು ಕೇಳುವುದು ಹೇಗೆ ಎಂದು ಗೊಣಗಿಕೊಂಡು ಹೋದ.

ವೆಂಡೆಲ್ ಜೂನ್‌ನಲ್ಲಿ ಬಂದ. ಅವನ ಬಾಡಿಗೆ ಕಾರು ಯಾವ ಗೇಟಿನೊಳಗೆ ತಿರುಗುತ್ತದೆಂದು ನೋಡಲು ಊರಿನ ಅರ್ಧ ಕಿಟಕಿಗಳಲ್ಲಿ ಮುಖಗಳಿದ್ದವು. ನನ್ನ ಮುಖವೂ. ಕಾರು ಎರಡು ಗೇಟುಗಳ ನಡುವೆ ರಸ್ತೆಯಲ್ಲೇ ನಿಂತುಬಿಟ್ಟಿತು. ಅವನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಹ್ಯೂಗೀನಾ ಹೊರಗೆ ಬಂದು ಕಾರಿನ ಬಾಗಿಲು ತೆಗೆದು ಅವನ ಚೀಲವನ್ನು ತಾನೇ ಎತ್ತಿಕೊಂಡು ಒಳಗೆ ನಡೆದಳು. ಅವಳಿಗೆ ಆಗ ಅರವತ್ತೊಂಬತ್ತು. ಅವನು ಹಿಂದೆ ಓಡಿದ. ಕ್ಯಾಲಮ್ ಒಂದು ವಾರ ಸಿಟ್ಟು ಮಾಡಿಕೊಂಡಿದ್ದ. ಆಮೇಲೆ ಭಾನುವಾರ ಚರ್ಚು ಮುಗಿದ ಮೇಲೆ ವೆಂಡೆಲ್ ಸಿಪಾಯಿ ಮನೆಯಲ್ಲಿ ಉಣ್ಣಬೇಕು ಎಂದು ಒಪ್ಪಂದವಾಯಿತು.

ಮುರ್ಡೋ ಮೊದಲ ನಾಲ್ಕು ದಿನ ‘ನೀವು’ ಬಿಡಲಿಲ್ಲ. ಐದನೆಯ ದಿನ ಇಬ್ಬರೂ ಒಂದು ಟಗರನ್ನು ಹಿಡಿದು ಉಣ್ಣೆ ಕತ್ತರಿಸುತ್ತಿದ್ದಾಗ ಅದು ಕೊಸರಿಕೊಂಡು ವೆಂಡೆಲ್‌ನನ್ನು ಕೆಡವಿ ಓಡಿತು. “ಕೊಂಬು ಹಿಡ್ಕೋ ಅಂದ್ನಲ್ಲೋ, ಕಿವುಡಾ” ಎಂದು ಮುರ್ಡೋ ಕೂಗಿದ್ದು ರಸ್ತೆಯವರೆಗೂ ಕೇಳಿಸಿತಂತೆ. ಇದನ್ನು ನನಗೆ ಹೇಳಿದವಳು ಹ್ಯೂಗೀನಾ. ಟಗರನ್ನು ಹಿಡಿಯುವುದಕ್ಕೇ ಮಧ್ಯಾಹ್ನವಾಯಿತಂತೆ.

ಗೇಣಿಯ ಅರ್ಜಿ ಮಾತ್ರ ಗಡಿಯಾರದ ಹಿಂದೆ ಹಾಗೇ ಇದೆ. ಮುರ್ಡೋ ಸಹಿ ಹಾಕಿಲ್ಲ, ಹರಿದು ಎಸೆದೂ ಇಲ್ಲ. ಕ್ಯಾಲಮ್ ಆಗಾಗ ಕೇಳುತ್ತಾನೆ. ವೆಂಡೆಲ್ ಕೇಳುವುದಿಲ್ಲ.

ಕಲ್ಲು ಜುಲೈ ಹತ್ತರಂದು ಸ್ಟೋರ್ನೊವೇ ಪಟ್ಟಣದಿಂದ ಬಂತು. ಮರಳುದಿಬ್ಬದ ಮೇಲಿನ ಸ್ಮಶಾನಕ್ಕೆ ಲಾರಿ ಹತ್ತುವುದಿಲ್ಲ. ಊರಲ್ಲಿ ಸರಿಯಾಗಿರುವ ಟ್ರೈಲರ್ ಇದ್ದದ್ದು ಕ್ಯಾಲಮ್‌ನ ಹತ್ತಿರ ಮಾತ್ರ. ಹೋಗಿ ಕೇಳಿದವನು ವೆಂಡೆಲ್. ಕ್ಯಾಲಮ್ ಬಂದ, ಆದರೆ ಕಲ್ಲು ನಿಲ್ಲಿಸುವಾಗ ಗುಂಡಿ ಓರೆಯಾಗಿದೆ ಎಂದ. ಓರೆಯಾಗಿರುವುದು ನಿನ್ನ ಕಣ್ಣು ಎಂದ ಮುರ್ಡೋ. ವೆಂಡೆಲ್ ಮಟ್ಟಗೋಲು ಇಟ್ಟು ನೋಡಿ ಎರಡು ಕಡೆಯೂ ಸ್ವಲ್ಪ ಸ್ವಲ್ಪ ತಪ್ಪಿದೆ ಎಂದ. ಹ್ಯೂಗೀನಾ ಮತ್ತು ನಾನು ಗಾಳಿಗೆ ಬೆನ್ನು ಕೊಟ್ಟು ಕೂತಿದ್ದೆವು. ಕಲ್ಲಿನ ಮೇಲೆ ದರ್ಜಿ ಮನೆಯ ಎಲ್ಲರ ಹೆಸರಿನ ಜೊತೆ ಹೀಗೆ ಕೆತ್ತಿತ್ತು: ಅವರ ಮಗ ಡೊನಾಲ್ಡ್, ಸಮುದ್ರದಲ್ಲಿ, 1851. ತಿಂಗಳು ಇರಲಿಲ್ಲ. ಕೆಳಗೆ, ಅವನ ಹೆಂಡತಿ ಮೇರಿ ಮೆಕೈವರ್ ಎಂದೂ ಇತ್ತು. ಅದನ್ನು ಸೇರಿಸಿದವಳು ಹ್ಯೂಗೀನಾ. ಮುರ್ಡೋಗೆ ಕಲ್ಲು ಬರುವವರೆಗೂ ಗೊತ್ತಿರಲಿಲ್ಲ. ಆ ಸಾಲನ್ನು ಓದಿ, ಅದರ ಮೇಲಿನ ಮರಳನ್ನು ಅಂಗೈಯಿಂದ ಒರೆಸಿದ.

ಪಾದ್ರಿ ಬಂದು ಒಂದು ಕೀರ್ತನೆ ಓದಿದರು. ಆ ವಸಂತದಲ್ಲಷ್ಟೇ ಊರಿಗೆ ಬಂದ ಹೊಸಬರು. ಎಲ್ಲರ ಕೈಕುಲುಕುತ್ತ ವೆಂಡೆಲ್‌ನ ಹತ್ತಿರ ಬಂದು, ಇವರು ಯಾರು, ಮನೆಯವರೇ ಎಂದು ಮುರ್ಡೋನನ್ನು ಕೇಳಿದರು.

ಕ್ಯಾಲಮ್ ಬಾಯಿ ತೆಗೆಯುವಷ್ಟರಲ್ಲಿ ಮುರ್ಡೋ ಹೇಳಿದ: “ಇವನು ಸಿಪಾಯಿ ಮನೆಯವನು. ನಮ್ಮಲ್ಲಿ ಇರ್ತಾನೆ.”

ಪಾದ್ರಿಗೆ ಪೂರ್ತಿ ಅರ್ಥವಾದ ಹಾಗೆ ಕಾಣಲಿಲ್ಲ. ತಲೆಯಾಡಿಸಿ ಮುಂದೆ ಹೋದರು. ಮಳೆ ಹನಿಯಲು ಶುರುವಾಗಿತ್ತು. ಕ್ಯಾಲಮ್ ಟ್ರೈಲರಿನ ಹಲಗೆ ಎತ್ತಿ ಕೊಂಡಿ ಹಾಕಿದ. ಹ್ಯೂಗೀನಾ ನನ್ನ ತೋಳು ಹಿಡಿದುಕೊಂಡಳು, ಇಬ್ಬರೂ ಜಾರದಂತೆ ನೋಡಿಕೊಂಡು ದಿಬ್ಬ ಇಳಿದೆವು.